ವಾಣಿಜ್ಯ ವಿದ್ಯಾರ್ಥಿಗಳಿಗೆ ದತ್ತಾಂಶ ನಿರ್ವಹಣೆ: ಪಹಣಿಯ ಮೂಲಕ ಒಂದು ಪರಿಚಯ

ವಾಣಿಜ್ಯ ಹಾಗೂ ವ್ಯವಹಾರ ನಿರ್ವಹಣೆ ವಿಷಯಗಳಲ್ಲಿ ಪದವಿ ವ್ಯಾಸಂಗ ಮಾಡುತ್ತಿರುವ ವಿದ್ಯಾರ್ಥಿಗಳು ಮುಂದೆ ಬ್ಯಾಂಕು, ಸಹಕಾರ ಸಂಘ, ಲೆಕ್ಕಪರಿಶೋಧನಾ ಕಚೇರಿ, ನಾಗರಿಕ ಸೇವಾ ಕೇಂದ್ರ ಇವುಗಳಲ್ಲಿ ಯಾವುದನ್ನು ಸೇರಿದರೂ ಅವರ ದಿನದ ಕೆಲಸದ ಬಹುಭಾಗವು ಗಣಕಯಂತ್ರದಲ್ಲಿ ಶೇಖರಿಸಲ್ಪಟ್ಟ ದಾಖಲೆಗಳೊಂದಿಗೇ ನಡೆಯುತ್ತದೆ. ಆದುದರಿಂದ ಡೇಟಾಬೇಸ್ ಎಂದು ರೂಢಿಯಲ್ಲಿರುವ ದತ್ತಸಂಚಯದ ಪರಿಚಯವು ಗಣಕ ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರ ಸೀಮಿತವಾದ ವಿಷಯವಾಗಿ ಉಳಿದಿಲ್ಲ. ತರಬೇತಿಗೆ ಅರ್ಜಿ ಸಲ್ಲಿಸುವ ಅನೇಕರು ಡೇಟಾಬೇಸ್ ಕಲಿಯುವುದೆಂದರೆ ಯಾವುದೋ ಒಂದು ತಂತ್ರಾಂಶದ ಗುಂಡಿಗಳನ್ನು ಒತ್ತಲು ಕಲಿಯುವುದೆಂದು ಭಾವಿಸಿರುತ್ತಾರೆ. ತಂತ್ರಾಂಶಗಳು ಬರುತ್ತವೆ, ಹೋಗುತ್ತವೆ. ಒಂದು ಸಂಗತಿಯನ್ನು ಎಲ್ಲಿ ಬರೆದಿಡಬೇಕು, ಅದನ್ನು ಯಾವುದರಿಂದ ಗುರುತಿಸಬೇಕು, ಅದನ್ನು ತಿದ್ದಲು ಯಾರಿಗೆ ಅಧಿಕಾರವಿರಬೇಕು ಎಂಬ ಮೂರು ಪ್ರಶ್ನೆಗಳು ಮಾತ್ರ ಹಾಗೆಯೇ ಉಳಿಯುತ್ತವೆ.

ಈ ಪ್ರಶ್ನೆಗಳನ್ನು ವಿವರಿಸಲು ಇಲ್ಲಿ ಪಹಣಿಯನ್ನು ಉದಾಹರಣೆಯಾಗಿ ಆರಿಸಿಕೊಳ್ಳಲಾಗಿದೆ. ಕರ್ನಾಟಕದ ಗ್ರಾಮೀಣ ಕುಟುಂಬಗಳಲ್ಲಿ ಪಹಣಿಯನ್ನು ನೋಡದವರು ವಿರಳ. ಸಾಲ, ಬೆಳೆ ಪರಿಹಾರ, ಪಾಲು, ಮಾರಾಟ ಯಾವುದೇ ಇರಲಿ, ಮೊದಲು ಕೇಳಲಾಗುವುದು ಈ ಒಂದು ಹಾಳೆಯನ್ನೇ.

ಕಡತದಿಂದ ಗಣಕಯಂತ್ರಕ್ಕೆ

ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆಯೇ ಪಹಣಿ. ಇದನ್ನು ಆರ್‌ಟಿಸಿ ಎಂದೂ ಕರೆಯುತ್ತಾರೆ. ಗಣಕೀಕರಣಕ್ಕೆ ಮುನ್ನ ಈ ದಾಖಲೆಗಳು ಅಂದು ಗ್ರಾಮಲೆಕ್ಕಿಗರೆಂದು ಕರೆಯಲ್ಪಡುತ್ತಿದ್ದ ಸುಮಾರು 9,000 ನೌಕರರ ವಶದಲ್ಲಿದ್ದವು. ಒಬ್ಬ ಗ್ರಾಮಲೆಕ್ಕಿಗರಿಗೆ ಸಾಮಾನ್ಯವಾಗಿ ಮೂರು ನಾಲ್ಕು ಗ್ರಾಮಗಳ ಹೊಣೆಯಿರುತ್ತಿತ್ತು. ರೈತನಿಗೆ ಪಹಣಿಯ ನಕಲು ಬೇಕಾದಲ್ಲಿ ಮೊದಲು ಗ್ರಾಮಲೆಕ್ಕಿಗರು ಆ ದಿನ ಯಾವ ಊರಿನಲ್ಲಿದ್ದಾರೆಂದು ವಿಚಾರಿಸಿಕೊಳ್ಳಬೇಕಾಗುತ್ತಿತ್ತು. ಕಡತವು ಒಂದೇ ಪ್ರತಿಯಲ್ಲಿದ್ದು, ಒಬ್ಬರ ಕೈಯಲ್ಲಿಯೇ ಇದ್ದುದರಿಂದ, ಅದರಲ್ಲಿ ಯಾವಾಗ ಏನು ಬದಲಾಯಿತೆಂಬುದನ್ನು ಹೊರಗಿನವರು ತಿಳಿಯುವುದು ಕಷ್ಟವಾಗಿತ್ತು.

ಭೂಮಿ ಯೋಜನೆಯಡಿ 2000ದ ದಶಕದ ಆರಂಭದಲ್ಲಿ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಇದಕ್ಕೆ ಬೇಕಾದ ತಂತ್ರಾಂಶವನ್ನು ನ್ಯಾಷನಲ್ ಇನ್ಫಾರ್ಮ್ಯಾಟಿಕ್ಸ್ ಸೆಂಟರ್ ಸಿದ್ಧಪಡಿಸಿತು. ಅಂದಿನ 177 ತಾಲ್ಲೂಕುಗಳ ಕಚೇರಿಗಳಲ್ಲಿ ಕಿಯಾಸ್ಕ್ ಕೇಂದ್ರಗಳನ್ನು ತೆರೆದು, ಆರಂಭದಲ್ಲಿ 15 ರೂಪಾಯಿ ಶುಲ್ಕಕ್ಕೆ ಪಹಣಿಯ ಪ್ರತಿ ನೀಡಲಾಯಿತು. ಕೈಬರಹದ ಪಹಣಿಗೆ ಮಾನ್ಯತೆಯನ್ನು ರದ್ದುಪಡಿಸಲಾಯಿತು. ಈ ಕೊನೆಯ ಕ್ರಮವು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದುದು. ಕಾಗದದ ಕಡತ ಹಾಗೂ ಗಣಕಯಂತ್ರದ ದಾಖಲೆ ಎರಡಕ್ಕೂ ಸಮಾನ ಮಾನ್ಯತೆ ಮುಂದುವರಿದಿದ್ದಲ್ಲಿ ಕೆಲವೇ ತಿಂಗಳುಗಳಲ್ಲಿ ಎರಡೂ ಬೇರೆ ಬೇರೆ ಸಂಗತಿಯನ್ನು ಹೇಳತೊಡಗುತ್ತಿದ್ದವು.

ಒಂದು ಸಂಗತಿ, ಒಂದು ಸ್ಥಳ

ಪಹಣಿಯ ಹಾಳೆಯಲ್ಲಿ ಜಮೀನಿನ ಸರ್ವೆ ನಂಬರು ಮತ್ತು ವಿಸ್ತೀರ್ಣ, ಕಾಲಂ 9ರಲ್ಲಿ ಸ್ವಾಧೀನದಾರರ ಹೆಸರು, ಕಾಲಂ 10ರಲ್ಲಿ ಹಕ್ಕು ಬಂದ ರೀತಿ, ಕಾಲಂ 11ರಲ್ಲಿ ಇತರ ಹಕ್ಕುಗಳು ಹಾಗೂ ಋಣಗಳು, ಕಾಲಂ 12ರಲ್ಲಿ ಸಾಗುವಳಿ ಮತ್ತು ಬೆಳೆಯ ವಿವರಗಳು ಇರುತ್ತವೆ. ಓದುವವರ ದೃಷ್ಟಿಯಿಂದ ಇದೊಂದೇ ಹಾಳೆ. ಆದರೆ ಇದನ್ನು ಇದ್ದಂತೆಯೇ ಒಂದು ದೊಡ್ಡ ಕೋಷ್ಟಕವನ್ನಾಗಿ ಶೇಖರಿಸಿದಲ್ಲಿ ತೊಡಕುಗಳು ಉಂಟಾಗುತ್ತವೆ.

ಒಬ್ಬ ಮಹಿಳೆಯ ಹೆಸರಿನಲ್ಲಿ ಐದು ಸರ್ವೆ ನಂಬರುಗಳಿವೆ ಎಂದು ಭಾವಿಸೋಣ. ಅವರ ಹೆಸರು, ಗಂಡನ ಹೆಸರು ಮತ್ತು ವಿಳಾಸ ಐದು ಸಾಲುಗಳಲ್ಲಿ ಐದು ಬಾರಿ ದಾಖಲಾಗುತ್ತವೆ. ಹೆಸರಿನಲ್ಲಿದ್ದ ತಪ್ಪನ್ನು ಸರಿಪಡಿಸಲು ಅವರು ಅರ್ಜಿ ಸಲ್ಲಿಸಿದಾಗ ನಾಲ್ಕು ಸಾಲುಗಳು ತಿದ್ದಲ್ಪಟ್ಟು ಐದನೆಯದು ಹಾಗೆಯೇ ಉಳಿದರೆ ದಾಖಲೆಯ ಪ್ರಕಾರ ಅವರು ಇಬ್ಬರು ವ್ಯಕ್ತಿಗಳಾಗುತ್ತಾರೆ. ಒಂದೇ ಜಮೀನಿರುವವರು ಅದನ್ನು ಮಾರಿದಾಗ ಆ ಸಾಲನ್ನು ಅಳಿಸಿಹಾಕಿದರೆ, ಜಮೀನಿನೊಂದಿಗೆ ವ್ಯಕ್ತಿಯ ವಿವರವೂ ಅಳಿಸಿಹೋಗುತ್ತದೆ. ಇದಕ್ಕೆ ಪರಿಹಾರವಾಗಿ ಜಮೀನುಗಳಿಗೆ ಒಂದು ಕೋಷ್ಟಕ, ವ್ಯಕ್ತಿಗಳಿಗೆ ಮತ್ತೊಂದು ಕೋಷ್ಟಕ, ಯಾವ ವ್ಯಕ್ತಿಗೆ ಯಾವ ಜಮೀನಿನಲ್ಲಿ ಎಷ್ಟು ಪಾಲು ಎಂಬುದನ್ನು ಜೋಡಿಸುವ ಮೂರನೆಯ ಕೋಷ್ಟಕ ಎಂದು ವಿಂಗಡಿಸಲಾಗುತ್ತದೆ. ಹೆಸರು ಒಂದೇ ಕಡೆ ಇರುವುದರಿಂದ ಒಮ್ಮೆ ತಿದ್ದಿದರೆ ಸಾಕು. ನಾಗರಿಕರಿಗೆ ಬೇಕಾದ ಹಾಳೆಯನ್ನು ಈ ಮೂರೂ ಕೋಷ್ಟಕಗಳಿಂದ ಕೇಳಿದ ಕ್ಷಣದಲ್ಲಿ ಜೋಡಿಸಿ ಮುದ್ರಿಸಲಾಗುತ್ತದೆ.

ಈ ವಿಂಗಡಣೆಯ ಶಾಸ್ತ್ರವನ್ನು 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ತಮ್ಮ ಪ್ರಬಂಧವೊಂದರಲ್ಲಿ ಮಂಡಿಸಿದರು. ವಾಣಿಜ್ಯ ವಿದ್ಯಾರ್ಥಿಗಳಿಗೆ ಇದು ಸಂಪೂರ್ಣ ಅಪರಿಚಿತವೇನಲ್ಲ. ರೋಜುಕೀರ್ದಿಯಲ್ಲಿ ಬರೆದುದನ್ನು ಖಾತೆವಾರು ವಿಂಗಡಿಸಿ ಖಾತೆಪುಸ್ತಕಕ್ಕೆ ಒಯ್ಯುವವರಿಗೆ, ಒಂದೇ ವ್ಯವಹಾರವು ಹಲವು ಕಡೆ ಕಾಣಿಸಿಕೊಂಡರೂ ಅದರ ಮೂಲ ನಮೂದು ಒಂದೇ ಎಂಬುದು ಗೊತ್ತಿರುತ್ತದೆ.

ವಿಸ್ತೀರ್ಣದ ಕಾಲಂ ಚಿಕ್ಕದಾದರೂ ಅದರಲ್ಲಿ ಒಂದು ದೊಡ್ಡ ಪಾಠವಿದೆ. 3 ಎಕರೆ 20 ಗುಂಟೆಯನ್ನು ವ್ಯವಹಾರದಲ್ಲಿ 3-20 ಎಂದು ಬರೆಯುವುದು ವಾಡಿಕೆ. ಇದನ್ನು ಹೊಸ ವಿದ್ಯಾರ್ಥಿಯು 3.20 ಎಂದು ದಶಮಾಂಶವಾಗಿ ನಮೂದಿಸಿ, 1 ಎಕರೆ 30 ಗುಂಟೆಯನ್ನು 1.30 ಎಂದು ನಮೂದಿಸಿ ಕೂಡಿಸಿದಲ್ಲಿ 4.50 ಬರುತ್ತದೆ. ಎಕರೆಗೆ 40 ಗುಂಟೆಯಾದುದರಿಂದ ಸರಿಯಾದ ಮೊತ್ತ 5 ಎಕರೆ 10 ಗುಂಟೆ. ಗಣಕಯಂತ್ರವು ಈ ತಪ್ಪಿಗೆ ಯಾವ ಎಚ್ಚರಿಕೆಯನ್ನೂ ನೀಡುವುದಿಲ್ಲ, ಏಕೆಂದರೆ ಅದರ ಲೆಕ್ಕ ಸರಿಯಾಗಿಯೇ ಇದೆ. ವಿಸ್ತೀರ್ಣವನ್ನು ಒಟ್ಟು ಗುಂಟೆಗಳಲ್ಲಿ ಅಥವಾ ಎಕರೆ ಮತ್ತು ಗುಂಟೆಗಳಿಗೆ ಪ್ರತ್ಯೇಕ ಕಾಲಂಗಳಲ್ಲಿ ಇರಿಸುವುದೇ ಕ್ರಮ. ಯಾವ ಕಾಲಂನಲ್ಲಿ ಯಾವ ಬಗೆಯ ಮೌಲ್ಯ ಇರತಕ್ಕದ್ದೆಂದು ಮೊದಲೇ ನಿರ್ಧರಿಸುವುದು ದತ್ತಸಂಚಯ ರಚನೆಯ ಅತ್ಯಂತ ನೀರಸವಾದ ಭಾಗ; ಆದರೆ ತಪ್ಪುಗಳ ದೊಡ್ಡ ಪಾಲು ಹುಟ್ಟುವುದು ಅಲ್ಲಿಯೇ.

ಹೆಸರು ಗುರುತಾಗಲಾರದು

ಸಾಲೊಂದನ್ನು ಬೇರಾವುದೇ ಸಾಲಿನೊಂದಿಗೆ ಗೊಂದಲವಾಗದಂತೆ ಗುರುತಿಸುವ ಮೌಲ್ಯಕ್ಕೆ ಪ್ರಧಾನ ಕೀಲಿ ಎಂದು ಹೆಸರು. ಸರ್ವೆ ನಂಬರೇ ಜಮೀನಿನ ಕೀಲಿಯೆಂದು ಮೇಲ್ನೋಟಕ್ಕೆ ಅನ್ನಿಸಬಹುದು. ಆದರೆ ಸರ್ವೆ ನಂಬರು 45 ಪ್ರತಿಯೊಂದು ಗ್ರಾಮದಲ್ಲಿಯೂ ಇರಬಹುದು. ಆದುದರಿಂದಲೇ ಪಹಣಿಗಾಗಿ ಕೋರಿಕೆ ಸಲ್ಲಿಸುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಸರ್ನೋಕ್ ಹಾಗೂ ಹಿಸ್ಸಾ ನಂಬರುಗಳನ್ನು ಕ್ರಮವಾಗಿ ಕೇಳಲಾಗುತ್ತದೆ. ಇವೆಲ್ಲವೂ ಸೇರಿ ಒಂದು ಸಂಯುಕ್ತ ಕೀಲಿಯಾಗುತ್ತದೆ. ಅರ್ಜಿಯ ನಮೂನೆಯಲ್ಲಿ ಇಷ್ಟೊಂದು ವಿವರಗಳನ್ನು ಕೇಳುವುದೇಕೆಂಬ ಅರ್ಜಿದಾರರ ಸಹಜ ಬೇಸರಕ್ಕೆ ಉತ್ತರ ಇದೇ.

ವ್ಯಾಪಾರಿ ಜಗತ್ತಿನಲ್ಲಿ ಉತ್ತಮ ಕೀಲಿಗೆ ಉದಾಹರಣೆ ಜಿಎಸ್‌ಟಿ ನೋಂದಣಿ ಸಂಖ್ಯೆ. 2017ರ ಜುಲೈ 1ರಿಂದ ಜಾರಿಗೆ ಬಂದ ಈ ತೆರಿಗೆಯಲ್ಲಿ ನೋಂದಣಿ ಸಂಖ್ಯೆಗೆ 15 ಅಕ್ಷರಗಳಿದ್ದು, ಮೊದಲ ಎರಡು ರಾಜ್ಯದ ಸಂಕೇತ (ಕರ್ನಾಟಕಕ್ಕೆ 29), ನಂತರದ ಹತ್ತು ಪ್ಯಾನ್ ಸಂಖ್ಯೆ, ಕೊನೆಯದು ತಾಳೆ ಅಕ್ಷರ. ಬೆರಳಚ್ಚಿನಲ್ಲಿ ಒಂದಕ್ಷರ ತಪ್ಪಾದರೆ ತಾಳೆ ಅಕ್ಷರ ಹೊಂದದೆ ತಪ್ಪು ಆಗಲೇ ಪತ್ತೆಯಾಗುತ್ತದೆ.

ವ್ಯಕ್ತಿಯ ಹೆಸರಿಗೆ ಇಂಥ ರಕ್ಷಣೆಯಿಲ್ಲ. ಒಬ್ಬರೇ ವ್ಯಕ್ತಿ ಪಹಣಿಯಲ್ಲಿ ‘ಮಂಜುನಾಥ ಬಿನ್ ನಿಂಗಪ್ಪ’, ಬ್ಯಾಂಕಿನಲ್ಲಿ ‘ಎನ್. ಮಂಜುನಾಥ್’, ಪಡಿತರ ಚೀಟಿಯಲ್ಲಿ ‘ಮಂಜುನಾಥಪ್ಪ’ ಆಗಿರುವುದು ಸಾಮಾನ್ಯ. ಊರಿನವರಿಗೆ ಇದರಲ್ಲಿ ಗೊಂದಲವೇ ಇಲ್ಲ. ಗಣಕಯಂತ್ರಕ್ಕೆ ಇವರು ಮೂವರು. ಕನ್ನಡದ ಲಿಪಿಯು ಮತ್ತೂ ಒಂದು ಸೂಕ್ಷ್ಮ ತೊಡಕನ್ನು ತಂದೊಡ್ಡುತ್ತದೆ. ಯುನಿಕೋಡ್ ಸಂಕೇತ ಪದ್ಧತಿಯಲ್ಲಿ ‘ಕೊ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎರಡು ಬಿಡಿ ಸಂಕೇತಗಳ ಜೋಡಣೆಯಾಗಿಯೂ ಶೇಖರಿಸಲು ಸಾಧ್ಯವಿದೆ. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ‘ಮಂಜುನಾಥ್’ ಎಂಬ ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ವಿಭಜಕ ಸಂಕೇತ ಸೇರಿಕೊಂಡಿರಬಹುದು. ಹುಡುಕುವಾಗ ಹೆಸರು ಸಿಗುವುದಿಲ್ಲ. ಸಿಬ್ಬಂದಿ ‘ದಾಖಲೆ ಇಲ್ಲ’ ಎನ್ನುತ್ತಾರೆ, ಅರ್ಜಿದಾರರು ತೆರೆಯನ್ನು ತೋರಿಸಿ ‘ಇದೆಯಲ್ಲ’ ಎನ್ನುತ್ತಾರೆ. ಇಬ್ಬರದೂ ತಪ್ಪಲ್ಲ. ಹೋಲಿಸುವುದಕ್ಕೆ ಮುನ್ನ ಪಠ್ಯವನ್ನು ಏಕರೂಪಕ್ಕೆ ತರುವ ಹಂತವನ್ನು ತಂತ್ರಾಂಶದಲ್ಲಿ ಅಳವಡಿಸಿದಲ್ಲಿ ಈ ತೊಡಕು ನಿವಾರಣೆಯಾಗುತ್ತದೆ. ಹಳೆಯ ಫಾಂಟ್ ಆಧಾರಿತ ಸಂಕೇತಗಳಲ್ಲಿ ಬೆರಳಚ್ಚಾದ ಕಡತಗಳನ್ನಂತೂ ಯುನಿಕೋಡ್‌ಗೆ ಪರಿವರ್ತಿಸದೆ ಹುಡುಕುವುದಾಗಲಿ ಅಕಾರಾದಿಯಾಗಿ ಜೋಡಿಸುವುದಾಗಲಿ ಸಾಧ್ಯವಿಲ್ಲ. ಇಂಗ್ಲಿಷಿನ ಪಠ್ಯಪುಸ್ತಕಗಳಲ್ಲಿ ಈ ವಿಷಯ ಸಾಮಾನ್ಯವಾಗಿ ಬರುವುದಿಲ್ಲ. ಕರ್ನಾಟಕದಲ್ಲಿ ಕೆಲಸ ಮಾಡುವವರು ಇದನ್ನು ಮೊದಲ ವಾರದಲ್ಲಿಯೇ ಎದುರಿಸುತ್ತಾರೆ.

ಬದಲಾವಣೆಯ ನಿಯಮ

ಜಮೀನು ಮಾರಾಟವಾದಾಗ ಮಾರಿದವರ ಹೆಸರು ಕಡಿಮೆಯಾಗಿ ಕೊಂಡವರ ಹೆಸರು ಸೇರಬೇಕು. ಮೊದಲನೆಯದು ಆಗಿ, ಎರಡನೆಯದು ಆಗುವ ಮುನ್ನ ವಿದ್ಯುತ್ ಕಡಿತಗೊಂಡರೆ ಜಮೀನಿಗೆ ಯಾರೂ ಮಾಲೀಕರಿಲ್ಲದಂತಾಗುತ್ತದೆ. ಆದುದರಿಂದ ಇಂಥ ಹಂತಗಳನ್ನು ಒಂದು ಕಟ್ಟಾಗಿ ಪರಿಗಣಿಸಿ, ನಡೆದರೆ ಪೂರ್ಣವಾಗಿ ನಡೆಯತಕ್ಕದ್ದು, ಇಲ್ಲವಾದಲ್ಲಿ ಏನೂ ನಡೆಯದ ಮೊದಲಿನ ಸ್ಥಿತಿಗೆ ಮರಳತಕ್ಕದ್ದು ಎಂಬ ನಿಯಮವನ್ನು ದತ್ತಸಂಚಯ ತಂತ್ರಾಂಶವೇ ಪಾಲಿಸುತ್ತದೆ. ಬ್ಯಾಂಕಿನಲ್ಲಿ ಒಂದು ಖಾತೆಯಿಂದ ಮತ್ತೊಂದಕ್ಕೆ ಹಣ ವರ್ಗಾಯಿಸುವಾಗಲೂ ಇದೇ ನಿಯಮ. ಹಿಸ್ಸಾ ಆದಾಗ ಮತ್ತೊಂದು ತಾಳೆಯೂ ಅಗತ್ಯ: 3 ಎಕರೆ 20 ಗುಂಟೆಯನ್ನು ಇಬ್ಬರಿಗೆ ಸಮನಾಗಿ ಹಂಚಿದಲ್ಲಿ ತಲಾ 1 ಎಕರೆ 30 ಗುಂಟೆಯಾಗಬೇಕು, ಒಟ್ಟು 140 ಗುಂಟೆಗೆ ಒಂದೂ ಹೆಚ್ಚಾಗಬಾರದು, ಕಡಿಮೆಯಾಗಬಾರದು. ತಾಳೆಪಟ್ಟಿಯ ಎರಡೂ ಬದಿ ಹೊಂದಲೇಬೇಕೆನ್ನುವ ಲೆಕ್ಕಿಗರ ಹಠಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಯಾರು ತಿದ್ದಬಹುದು ಎಂಬುದು ತಂತ್ರಜ್ಞಾನದ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 128ರಂತೆ ಹಕ್ಕು ಪಡೆದವರು ವರದಿ ಮಾಡಬೇಕು. ಕಲಂ 129ರಂತೆ ಮ್ಯುಟೇಶನ್ ನಮೂದಾಗಿ, ಆಸಕ್ತರಿಗೆ ನೋಟಿಸ್ ಹೋಗಿ, ತಕರಾರು ಬಂದಲ್ಲಿ ವಿಚಾರಣೆ ನಡೆಯುತ್ತದೆ. ತಕರಾರು ಸಲ್ಲಿಸಲು ಭೂಮಿ ಯೋಜನೆಯ ಆರಂಭದ ವರ್ಷಗಳಲ್ಲಿ 30 ದಿನಗಳ ಅವಧಿಯಿತ್ತು. ಇಂದು ಅನ್ವಯಿಸುವ ಅವಧಿಯನ್ನು ಅರ್ಜಿದಾರರು ತಮಗೆ ಬಂದ ನೋಟಿಸಿನಲ್ಲಿಯೇ ನೋಡಿಕೊಳ್ಳತಕ್ಕದ್ದು. ಈ ಕಾನೂನಿನ ಹಂತಗಳನ್ನೇ ತಂತ್ರಾಂಶದಲ್ಲಿ ಅಳವಡಿಸಲಾಯಿತು. ತಿದ್ದುಪಡಿ ಮಾಡುವ ಅಧಿಕಾರಿ, ಸಿಬ್ಬಂದಿ ಬೆರಳಚ್ಚು ನೀಡಿಯೇ ವ್ಯವಸ್ಥೆಯೊಳಗೆ ಪ್ರವೇಶಿಸುವಂತೆ ಮಾಡಿದ್ದರಿಂದ, ಯಾವ ಬದಲಾವಣೆಯನ್ನು ಯಾರು ಮಾಡಿದರೆಂಬುದು ದಾಖಲೆಯೊಂದಿಗೇ ಉಳಿಯುತ್ತದೆ. ಗುಪ್ತಪದವನ್ನು ಪಕ್ಕದ ಮೇಜಿನವರಿಗೆ ಹೇಳಬಹುದು. ಬೆರಳನ್ನು ಎರವಲು ಕೊಡಲಾಗದು.

ದಾಖಲೆಯಲ್ಲಿರುವುದೆಲ್ಲವೂ ಸತ್ಯವೇ?

ಅದೇ ಅಧಿನಿಯಮದ ಕಲಂ 133ರ ಪ್ರಕಾರ ಹಕ್ಕು ದಾಖಲೆಯ ನಮೂದನ್ನು, ಅದಕ್ಕೆ ವಿರುದ್ಧವಾದುದು ರುಜುವಾತಾಗುವವರೆಗೆ, ಸತ್ಯವೆಂದು ಭಾವಿಸತಕ್ಕದ್ದು. ಅಂದರೆ ದತ್ತಸಂಚಯದಲ್ಲಿನ ತಪ್ಪು ಬರಿಯ ತಪ್ಪಾಗಿ ಉಳಿಯುವುದಿಲ್ಲ. ಅದನ್ನು ಸುಳ್ಳೆಂದು ಸಾಧಿಸುವ ಹೊರೆ ತಪ್ಪಿಗೆ ಒಳಗಾದವರ ಮೇಲೆಯೇ ಬೀಳುತ್ತದೆ.

ಗಣಕೀಕರಣವು ಕಡತದಲ್ಲಿದ್ದುದನ್ನು ಗಣಕಯಂತ್ರಕ್ಕೆ ವರ್ಗಾಯಿಸುತ್ತದೆಯೇ ವಿನಾ ಕಡತದ ತಪ್ಪನ್ನು ತಾನಾಗಿಯೇ ತಿದ್ದುವುದಿಲ್ಲ. ಪತಿ ತೀರಿಕೊಂಡು ಹಲವು ವರ್ಷಗಳಾದರೂ ಪೌತಿ ಖಾತೆ ಬದಲಾವಣೆಗೆ ಅರ್ಜಿ ಸಲ್ಲಿಸದಿದ್ದ ಒಬ್ಬ ಮಹಿಳೆಯ ಸ್ಥಿತಿಯನ್ನು ಪರಿಶೀಲಿಸಬಹುದು. ಜಮೀನನ್ನು ಉಳುತ್ತಿರುವವರು ಅವರೇ. ಬೆಳೆ ನಷ್ಟವಾದುದೂ ಅವರದೇ. ಆದರೆ ಕಾಲಂ 9ರಲ್ಲಿರುವುದು ತೀರಿಕೊಂಡವರ ಹೆಸರು. ಆ ಹೆಸರಿಗೆ ಬ್ಯಾಂಕು ಸಾಲ ಮಂಜೂರು ಮಾಡುವಂತಿಲ್ಲ, ಪರಿಹಾರದ ಹಣ ಪಾವತಿಯಾಗುವಂತಿಲ್ಲ. ದತ್ತಸಂಚಯವು ತನಗೆ ಹೇಳಿದುದನ್ನು ನಿಷ್ಠೆಯಿಂದ ಹೇಳುತ್ತಿದೆ. ಹೊಲದಲ್ಲಿ ಬದಲಾದುದನ್ನು ಯಾರೂ ಅದಕ್ಕೆ ತಿಳಿಸಿಲ್ಲ. ಮುಂದೆ ಸೇವಾ ಕೌಂಟರಿನ ಒಳಗೆ ಕುಳಿತುಕೊಳ್ಳಲಿರುವ ವಿದ್ಯಾರ್ಥಿಗೆ ಈ ವ್ಯತ್ಯಾಸ ತಿಳಿದಿದ್ದಲ್ಲಿ, ‘ನಿಮ್ಮ ಹೆಸರು ಇಲ್ಲ’ ಎಂದು ಹೇಳಿ ಕಳುಹಿಸುವ ಬದಲು ಮರಣ ಪ್ರಮಾಣಪತ್ರ ಹಾಗೂ ವಂಶವೃಕ್ಷದೊಂದಿಗೆ ಪೌತಿ ಖಾತೆಗೆ ಅರ್ಜಿ ಸಲ್ಲಿಸುವಂತೆ ಸೂಚಿಸಲು ಸಾಧ್ಯವಾಗುತ್ತದೆ. ಮ್ಯುಟೇಶನ್ ಆದೇಶದಿಂದ ಬಾಧಿತರಾದವರಿಗೆ ಕಲಂ 136ರಡಿ ಮೇಲ್ಮನವಿಯ ಅವಕಾಶವೂ ಇದೆ.

ಲೆಕ್ಕದ ಹಾಳೆಗಳ ಮಿತಿ

ಎಕ್ಸೆಲ್‌ನಂಥ ಲೆಕ್ಕದ ಹಾಳೆಗಳು ದತ್ತಸಂಚಯಕ್ಕೆ ಬದಲಿಯಾಗಲಾರವು. ಎಕ್ಸೆಲ್‌ನ ಹಳೆಯ ಕಡತ ಮಾದರಿಯಲ್ಲಿ ಒಂದು ಹಾಳೆಗೆ 65,536 ಸಾಲುಗಳು ಮಾತ್ರ. 2007ರ ನಂತರದ ಮಾದರಿಯಲ್ಲಿ 10,48,576. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಕೋವಿಡ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋದುದಕ್ಕೆ ಹಳೆಯ ಮಾದರಿಯ ಈ ಸಾಲುಮಿತಿಯೇ ಕಾರಣವೆಂದು ವರದಿಯಾಯಿತು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಗುರುತಿಸುವುದು ಇದರಿಂದ ತಡವಾಯಿತು. ಸಣ್ಣ ಲೆಕ್ಕಗಳಿಗೆ ಲೆಕ್ಕದ ಹಾಳೆ ಅನುಕೂಲಕರವೇ. ಹಲವರು ಏಕಕಾಲದಲ್ಲಿ ತಿದ್ದುವ ದಾಖಲೆಗೆ ಅದು ತಕ್ಕುದಲ್ಲ.

ಕಲಿಕೆಯನ್ನು ಎಲ್ಲಿಂದ ಆರಂಭಿಸಬೇಕು?

ತಂತ್ರಾಂಶವನ್ನು ತೆರೆಯುವ ಮುನ್ನ ಕಾಗದದ ಮೇಲೆ ಕೋಷ್ಟಕಗಳನ್ನು ರಚಿಸುವುದು ಉತ್ತಮ. ಗ್ರಾಮದ ಹಾಲು ಉತ್ಪಾದಕರ ಸಹಕಾರ ಸಂಘದ ಲೆಕ್ಕವು ಇದಕ್ಕೆ ಹೇಳಿಮಾಡಿಸಿದ ಅಭ್ಯಾಸ. ಸದಸ್ಯರಿಗೆ ಒಂದು ಕೋಷ್ಟಕ, ಬೆಳಿಗ್ಗೆ ಮತ್ತು ಸಂಜೆ ಅಳೆದ ಹಾಲಿಗೆ ಒಂದು, ದರಕ್ಕೆ ಒಂದು, ಪಾವತಿಗೆ ಒಂದು. ಹಾಲಿನ ಕೋಷ್ಟಕದಲ್ಲಿ ಸದಸ್ಯರ ಹೆಸರನ್ನು ಬರೆಯದೆ ಸದಸ್ಯತ್ವ ಸಂಖ್ಯೆಯನ್ನು ಮಾತ್ರ ಬರೆಯತಕ್ಕದ್ದು.

ದರವನ್ನು ಹೇಗೆ ಇರಿಸಬೇಕೆಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಹೊಸ ದರ ಬಂದಾಗ ಹಳೆಯದನ್ನು ಅಳಿಸಿ ಬರೆದಲ್ಲಿ ಕಳೆದ ತಿಂಗಳ ಬಿಲ್ಲನ್ನು ಮತ್ತೆ ಮುದ್ರಿಸಿದಾಗ ಅದು ಹೊಸ ದರದಲ್ಲಿ ಬರುತ್ತದೆ. ಪ್ರತಿ ದರದೊಂದಿಗೆ ಅದು ಜಾರಿಗೆ ಬಂದ ದಿನಾಂಕವನ್ನು ಇರಿಸಿ, ಹಳೆಯ ಸಾಲನ್ನು ಹಾಗೆಯೇ ಉಳಿಸಿಕೊಳ್ಳಬೇಕು. ಅದೇ ರೀತಿ ಖಾಲಿ ಬಿಟ್ಟ ನಮೂದಿಗೂ ಸೊನ್ನೆಗೂ ವ್ಯತ್ಯಾಸವಿದೆ. ಹತ್ತು ಹೊತ್ತಿನಲ್ಲಿ ಎಂಟು ಹೊತ್ತು ತಲಾ 6 ಲೀಟರ್ ಹಾಕಿದ ಸದಸ್ಯರ ಸರಾಸರಿ, ಉಳಿದೆರಡು ಹೊತ್ತಿಗೆ ಸೊನ್ನೆ ಬರೆದರೆ 4.8 ಲೀಟರ್, ಖಾಲಿ ಬಿಟ್ಟರೆ 6 ಲೀಟರ್. ಹಾಲು ಹಾಕದಿದ್ದಲ್ಲಿ ಸೊನ್ನೆ ಸರಿ. ತೂಕದ ಯಂತ್ರ ಕೆಟ್ಟು ಅಳತೆ ದಾಖಲಾಗದಿದ್ದಲ್ಲಿ ಸೊನ್ನೆ ಬರೆಯುವುದು ಸದಸ್ಯರಿಗೆ ಮಾಡುವ ಅನ್ಯಾಯ.

ನಂತರ ಎಸ್‌ಕ್ಯೂಎಲ್ ಭಾಷೆಗೆ ಬರಬಹುದು. ಐಬಿಎಂನಲ್ಲಿ ಡೊನಾಲ್ಡ್ ಚೇಂಬರ್ಲಿನ್ ಹಾಗೂ ರೇಮಂಡ್ ಬಾಯ್ಸ್ ಇದರ ಮೂಲರೂಪವನ್ನು 1974ರಲ್ಲಿ ಪ್ರಕಟಿಸಿದರು. ಯಾವ ಕಾಲಂಗಳು ಬೇಕು, ಯಾವ ಕೋಷ್ಟಕದಿಂದ, ಯಾವ ಷರತ್ತಿನ ಮೇಲೆ ಎಂಬುದನ್ನು ಸೆಲೆಕ್ಟ್, ಫ್ರಮ್, ವೇರ್ ಎಂಬ ಮೂರು ಪದಗಳಲ್ಲಿ ಕೇಳುವುದು ಇದರ ತಿರುಳು. ಎಸ್‌ಕ್ಯೂಲೈಟ್, ಪೋಸ್ಟ್‌ಗ್ರೆಸ್, ಲಿಬ್ರೆಆಫೀಸ್ ಬೇಸ್ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಸಾಧಾರಣ ಗಣಕಯಂತ್ರದಲ್ಲಿಯೂ ನಡೆಯುತ್ತವೆ. ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದಲ್ಲಿನ ಪಾಠಗಳನ್ನು ಶುಲ್ಕವಿಲ್ಲದೆ ನೋಡಬಹುದಾಗಿದ್ದು, ಪ್ರಮಾಣಪತ್ರ ಬಯಸುವವರು ಮಾತ್ರ ಪರೀಕ್ಷಾ ಶುಲ್ಕ ಪಾವತಿಸಬೇಕಾಗುತ್ತದೆ.

ಅಭ್ಯಾಸಕ್ಕಾಗಿ ನೆರೆಹೊರೆಯವರ ಅಥವಾ ಸಂಘದ ಸದಸ್ಯರ ನಿಜವಾದ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಬಳಸಬಾರದು. ಕಲ್ಪಿತ ವಿವರಗಳು ಸಾಕು. ತಮ್ಮ ಕುಟುಂಬದ ಪಹಣಿಯನ್ನು ಮಾತ್ರ ವಿದ್ಯಾರ್ಥಿಗಳು ಒಮ್ಮೆ ಪಡೆದು, ಕಾಲಂ 9ರ ಹೆಸರನ್ನು ಬ್ಯಾಂಕ್ ಪಾಸ್‌ಬುಕ್ ಮತ್ತು ಆಧಾರ್‌ನಲ್ಲಿರುವ ಹೆಸರಿನೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬಹುದು. ವ್ಯತ್ಯಾಸ ಕಂಡುಬಂದಲ್ಲಿ ತಿದ್ದುಪಡಿಗಾಗಿ ತಾಲ್ಲೂಕು ಕಚೇರಿ ಅಥವಾ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಿ, ಸ್ವೀಕೃತಿ ಪಡೆದು, ಅದರಲ್ಲಿನ ಸಂಖ್ಯೆಯನ್ನು ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು.